ಕೂಸಿನ ದೀಕ್ಷಾಸ್ನಾನದ ಕಲ್ಲಿನ ಮೇಲೆ ಕತ್ತಿ, ಈಟಿ ಯಾಕೆ? (ಅರ್ಡಿಸ್ಲಿ ಚರ್ಚಿನ 12ನೇ ಶತಮಾನದ ತೊಟ್ಟಿ)

ಹೊಳೆಸಾಲು:
ಹೇ-ಆನ್-ವೈಗೆ ಹಳೆ ಪುಸ್ತಕ ಹುಡುಕಿಕೊಂಡು ಹೋಗುವವರು ಇಲ್ಲಿ ಸುಮಾರು ಜನ ಇದ್ದೀರಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಅರ್ಡಿಸ್ಲಿ ಅಂತ ಒಂದು ಹಳ್ಳಿ ಇದೆ. ಹೆರೆಫರ್ಡ್‌ಶೈರ್ ಕೌಂಟಿ, ವೇಲ್ಸ್ ಗಡಿ. ಬಿಳಿ ಗೋಡೆ, ಕಪ್ಪು ತೊಲೆಗಳ ಹಳೆ ಮನೆಗಳು. ಅಲ್ಲಿನ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನೊಳಗೆ ಒಂದು ಕಲ್ಲಿನ ತೊಟ್ಟಿ ಇದೆ. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಕ್ಕೆ ಮಾಡಿಸಿದ್ದು. 12ನೇ ಶತಮಾನದ ನಡುಭಾಗದ ಕೆಲಸ ಅಂತ ಹೇಳುತ್ತಾರೆ. ಬಾಯಿಯ ಸುತ್ತ ಹೆಣಿಗೆಯ ಪಟ್ಟಿ, ಅದರ ಕೆಳಗೆ ಸುತ್ತಲೂ ಉಬ್ಬು ಕೆತ್ತನೆ.

ಒಂದು ಕಡೆ ಇಬ್ಬರು ಯೋಧರು ಬಡಿದಾಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ಈಟಿ, ಇನ್ನೊಬ್ಬನ ಕೈಯಲ್ಲಿ ಕತ್ತಿ. ಈಟಿ ಎದುರಿನವನ ತೊಡೆಗೆ ತಗುಲಿದೆ. ಇಬ್ಬರ ಸುತ್ತಲೂ ದಪ್ಪ ಬಳ್ಳಿಗಳ ಗೋಜಲು. ತೊಟ್ಟಿಯನ್ನು ಸುತ್ತು ಹಾಕಿದರೆ ಒಂದು ದೊಡ್ಡ ಸಿಂಹ ಸಿಗುತ್ತದೆ. ಮತ್ತೊಂದು ಕಡೆ ಯೇಸು, ಬಳ್ಳಿಗಳ ನಡುವೆ ಸಿಕ್ಕಿಕೊಂಡ ಒಬ್ಬ ಸಣ್ಣ ಮನುಷ್ಯನ ಕೈ ಹಿಡಿದು ಹೊರಕ್ಕೆ ಎಳೆಯುತ್ತಿದ್ದಾನೆ.

ನನಗೆ ಅರ್ಥವಾಗದ್ದು ಇಷ್ಟೇ. ಹುಟ್ಟಿದ ಕೂಸನ್ನು ತಂದು ನೀರು ಹಾಕುವ ಜಾಗ. ಅಲ್ಲಿ ರಕ್ತ ಬರುವ ಹಾಗೆ ಹೊಡೆದಾಡುವವರನ್ನು ಯಾಕೆ ಕೆತ್ತಿದರು? ಗೊತ್ತಿದ್ದವರು ಹೇಳಿ.

ಅಡಿಕೆತೋಟ:
ದುಡ್ಡು ಕೊಟ್ಟ ಗೌಡರಿಗೆ ತಮ್ಮ ಪರಾಕ್ರಮ ಕಾಣಬೇಕಿತ್ತು, ಅಷ್ಟೇ. ಎಲ್ಲ ಕಾಲದಲ್ಲೂ, ಎಲ್ಲ ಊರಲ್ಲೂ ನಡೆಯೋದೇ ಅದು.

ಬ್ರಿಸ್ಟಲ್ ಬಸ್ಸು:
ಅಡಿಕೆತೋಟದವರು ತಮಾಷೆಗೆ ಹೇಳಿದ್ದನ್ನೇ ಆ ಊರಿನವರು ಗಂಭೀರವಾಗಿ ಹೇಳುತ್ತಾರೆ. ಅರ್ಡಿಸ್ಲಿಯ ಕೋಟೆ ಬಾಸ್ಕರ್‌ವಿಲ್ ಮನೆತನದ್ದು. ನಾರ್ಮಂಡಿಯಿಂದ ಬಂದವರು. ಆ ಮನೆತನದ ರಾಲ್ಫ್ ಅನ್ನುವವನಿಗೂ ಅವನ ಹೆಂಡತಿಯ ಅಪ್ಪ, ಕ್ಲಿಫರ್ಡ್‌ನ ದೊರೆ ಡ್ರೋಗೋಗೂ ಜಮೀನಿನ ಜಗಳ ಬಂತಂತೆ. ಇಬ್ಬರೂ ಒಂಟಿ ಕಾಳಗಕ್ಕೆ ಇಳಿದರು. ಅಳಿಯ ಮಾವನನ್ನು ಕೊಂದ. ಆಮೇಲೆ ಪೋಪ್‌ಗೆ ದುಡ್ಡು ಕೊಟ್ಟು ಕ್ಷಮೆ ತರಿಸಿಕೊಂಡ. ತೊಟ್ಟಿಯ ಮೇಲಿರುವುದು ಆ ಕಾಳಗ ಅಂತ ಊರಿನ ನಂಬಿಕೆ. ಗೋಜಲಿನಿಂದ ಹೊರಗೆ ಎಳೆಸಿಕೊಳ್ಳುತ್ತಿರುವ ಸಣ್ಣ ಮನುಷ್ಯನೂ ರಾಲ್ಫನೇ ಇರಬಹುದು ಅಂತ ಕೆಲವರು ಸೇರಿಸುತ್ತಾರೆ. ಪಾಪದಿಂದ ಬಿಡುಗಡೆ ಅಂತ.

ಶಿಲೆಕಲ್ಲು:
ಕಥೆ ಚೆನ್ನಾಗಿದೆ, ನಾನೂ ಹೇಳಿದ್ದೇನೆ. ಆದರೆ ಅದನ್ನು ಬದಿಗಿಟ್ಟು ಮೊದಲು ಕಲ್ಲನ್ನು ನೋಡೋಣ.

ಈ ತೊಟ್ಟಿ ದುಂಡಗಿದೆ. ಇದಕ್ಕೆ ಮುಂಭಾಗ, ಹಿಂಭಾಗ ಅಂತ ಇಲ್ಲ. ಫೋಟೋದಲ್ಲಿ ಬರುವುದು ಯಾವಾಗಲೂ ಆ ಇಬ್ಬರು ಯೋಧರು. ಹಾಗಾಗಿ ಅದೇ ಮುಖ್ಯ ಚಿತ್ರ ಅನಿಸಿಬಿಡುತ್ತದೆ. ಸುತ್ತು ಹಾಕಿ ನೋಡಿದರೆ ಮುಖ್ಯ ಚಿತ್ರ ಇನ್ನೊಂದು. ಹೊಳೆಸಾಲು ಅವರು ಕೊನೆಗೆ ಬರೆದದ್ದು: ಕೈಯಲ್ಲಿ ಶಿಲುಬೆ ಹಿಡಿದ ಯೇಸು ಒಬ್ಬನನ್ನು ಎಳೆದುಕೊಳ್ಳುವುದು. ಮಧ್ಯಯುಗದ ಕ್ರೈಸ್ತರಿಗೆ ಆ ಚಿತ್ರ ಕಂಡ ತಕ್ಷಣ ಗೊತ್ತಾಗುತ್ತಿತ್ತು. ಶಿಲುಬೆಯ ಮೇಲೆ ಸತ್ತು ಮೂರನೇ ದಿನ ಏಳುವುದರ ನಡುವೆ ಯೇಸು ಪಾತಾಳಕ್ಕೆ ಇಳಿದ, ಅಲ್ಲಿ ಬಿದ್ದಿದ್ದ ಆದಾಮ ಮೊದಲಾದವರನ್ನು ಕೈ ಹಿಡಿದು ಮೇಲೆ ತಂದ ಅನ್ನುವ ಪ್ರಸಂಗ ಅದು. ಮುಂಗೈ ಹಿಡಿದು ಎಳೆಯುವುದೇ ಅದರ ಗುರುತು.

ಅದು ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಯಾಕೆ? ಸಂತ ಪೌಲ ರೋಮಿನವರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದಿ. ದೀಕ್ಷಾಸ್ನಾನ ಅಂದರೆ ಕ್ರಿಸ್ತನ ಜೊತೆ ಸತ್ತು, ಹೂಳಿಸಿಕೊಂಡು, ಅವನ ಜೊತೆಗೇ ಏಳುವುದು ಅಂತ ಅಲ್ಲಿದೆ. ಕೂಸು ನೀರಿನಲ್ಲಿ ಮುಳುಗುವುದು ಸಾವು, ಮೇಲೆ ಬರುವುದು ಹೊಸ ಹುಟ್ಟು. ಅಂದರೆ ತೊಟ್ಟಿಯ ಒಳಗೆ ನಡೆಯುವುದನ್ನೇ ಕಲ್ಲುಕುಟಿಗ ಹೊರಗೆ ಕೆತ್ತಿದ್ದಾನೆ.

ಈಗ ಕಾದಾಟಕ್ಕೆ ಬನ್ನಿ. ಇಂದು ನಾವು ದೀಕ್ಷಾಸ್ನಾನ ಅಂದರೆ ಬಿಳಿ ಗೌನು, ಕೇಕು, ಫೋಟೋ ಅಂದುಕೊಳ್ಳುತ್ತೇವೆ. 12ನೇ ಶತಮಾನದಲ್ಲಿ ಅದು ಹಾಗಿರಲಿಲ್ಲ. ಆ ವಿಧಿಯ ಅರ್ಧ ಭಾಗ ಸೈತಾನನನ್ನು ಓಡಿಸುವುದು. ಪಾದ್ರಿ ಮತ್ತೆ ಮತ್ತೆ ಅವನಿಗೆ ಈ ಮಗುವನ್ನು ಬಿಟ್ಟು ಹೋಗು ಅಂತ ಆಜ್ಞೆ ಮಾಡುತ್ತಾರೆ. ಬಾಯಿಗೆ ಉಪ್ಪು ಇಡುತ್ತಾರೆ. ಸೈತಾನನನ್ನೂ ಅವನ ಕೆಲಸಗಳನ್ನೂ ಬಿಟ್ಟೆ ಅಂತ ಮಗುವಿನ ಪರವಾಗಿ ದೊಡ್ಡವರು ಮಾತು ಕೊಡುತ್ತಾರೆ. ಅದು ಜಗಳವೇ. ಹಾಗಾಗಿ ಆ ಇಬ್ಬರು ಯೋಧರನ್ನು ಒಳಿತು ಕೆಡುಕುಗಳ ಕಾದಾಟ ಅಂತ ಓದುವ ವಿದ್ವಾಂಸರೂ ಇದ್ದಾರೆ. ನನಗೆ ಆ ಓದೇ ಸರಿ ಅನಿಸುತ್ತದೆ. ಯಾಕೆಂದರೆ ಅದೇ ದಪ್ಪ ಬಳ್ಳಿ ಯೋಧರನ್ನೂ ಸುತ್ತಿದೆ, ಆ ಸಣ್ಣ ಮನುಷ್ಯನನ್ನೂ ಹಿಡಿದಿದೆ. ಮಾವ ಅಳಿಯರ ಜಗಳವೇ ಆಗಿದ್ದರೆ ಬಳ್ಳಿಗೆ ಅಲ್ಲೇನು ಕೆಲಸ?

ಕುಡ್ಲದವಳು:
ಶಿಲೆಕಲ್ಲು ಸರ್, ಓದಿ ಖುಷಿಯಾಯಿತು. ನಮ್ಮಲ್ಲಿ ಈಗಲೂ ಆ ಪ್ರಶ್ನೆಗಳು ಇವೆ. ಸೈತಾನನನ್ನು ತೊರೆಯುತ್ತೀರಾ ಅಂತ ಪಾದ್ರಿ ಕೇಳುತ್ತಾರೆ, ಅಪ್ಪ ಅಮ್ಮ, ಗಾಡ್‌ಫಾದರ್, ಗಾಡ್‌ಮದರ್ ಎಲ್ಲ ಉತ್ತರ ಕೊಡುತ್ತಾರೆ. ಎಣ್ಣೆ ಹಚ್ಚುತ್ತಾರೆ, ತಲೆಗೆ ಮೂರು ಸಲ ನೀರು ಹೊಯ್ಯುತ್ತಾರೆ, ಬಿಳಿ ಬಟ್ಟೆ ಹೊದಿಸುತ್ತಾರೆ, ಪಾಸ್ಖದ (ಈಸ್ಟರ್ ಹಬ್ಬದ) ದೊಡ್ಡ ಮೇಣದಬತ್ತಿಯಿಂದ ಒಂದು ಸಣ್ಣ ಬತ್ತಿ ಹಚ್ಚಿ ಕೈಗೆ ಕೊಡುತ್ತಾರೆ. ಉಪ್ಪಿನ ವಿಷಯ ಅಜ್ಜಿ ಹೇಳುತ್ತಿದ್ದರು. ಈಗಿನ ವಿಧಿಯಲ್ಲಿ ಅದನ್ನು ಬಿಟ್ಟಿದ್ದಾರೆ.

ಆದರೆ ಮಗುವನ್ನು ಪೂರ್ತಿ ಮುಳುಗಿಸುತ್ತಿದ್ದರಾ? ಇಂಗ್ಲೆಂಡಿನ ಚಳಿಯಲ್ಲಿ?

ಶಿಲೆಕಲ್ಲು:
ಹೌದಮ್ಮ, ಮುಳುಗಿಸುತ್ತಿದ್ದರು. ಆ ಕಾಲದ ತೊಟ್ಟಿಗಳ ಅಗಲ, ಆಳ ನೋಡಿದರೆ ತಿಳಿಯುತ್ತದೆ. ಬರೀ ತಲೆಗೆ ನೀರು ಹಾಕುವುದಾದರೆ ಒಂದು ಬಟ್ಟಲು ಸಾಕಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೆಚ್ಚು ಬಳಕೆಗೆ ಬಂದ ಸಾಲ್ಸ್‌ಬರಿ ಆರಾಧನಾ ಕ್ರಮದಲ್ಲಿ ಮೂರು ಸಲ ಮುಳುಗಿಸಬೇಕು: ಒಮ್ಮೆ ಬಲಮಗ್ಗುಲಾಗಿ, ಒಮ್ಮೆ ಎಡಮಗ್ಗುಲಾಗಿ, ಒಮ್ಮೆ ಮುಖ ಕೆಳಗೆ ಮಾಡಿ. ಮಗುವಿಗೆ ಹುಷಾರಿಲ್ಲದಿದ್ದರೆ ನೀರು ಹೊಯ್ದರೂ ನಡೆಯುತ್ತಿತ್ತು.

ಇನ್ನೊಂದು ವಿಷಯ. ತೊಟ್ಟಿ ಸಾಮಾನ್ಯವಾಗಿ ಬಾಗಿಲಿನ ಹತ್ತಿರವೇ ಇರುತ್ತದೆ. ವಿಧಿಯ ಮೊದಲ ಭಾಗ ಬಾಗಿಲ ಹೊರಗೆ. ಉಪ್ಪು, ಸೈತಾನನಿಗೆ ಆಜ್ಞೆ, ಎಲ್ಲ ಅಲ್ಲೇ. ಆಮೇಲೆ ಒಳಗೆ ಕರೆದುಕೊಂಡು ಬಂದು ತೊಟ್ಟಿ. ಇನ್ನೂ ಸಭೆಗೆ ಸೇರದ ಮಗು ಒಳಗೆ ಬರುವ ಮೊದಲ ಹೆಜ್ಜೆ ಅದು. ತಾಯಿ ಸಾಮಾನ್ಯವಾಗಿ ಅಲ್ಲಿ ಇರುತ್ತಿರಲಿಲ್ಲ. ಹೆರಿಗೆಯಾಗಿ ಕೆಲವೇ ದಿನ, ಅನೇಕ ಸಲ ಅದೇ ದಿನ ಮಗುವನ್ನು ತರುತ್ತಿದ್ದರು. ತಾಯಿ ಚರ್ಚಿಗೆ ಬರಲು ಸುಮಾರು 40 ದಿನ ಆಗಬೇಕು, ಆಗ ಅವಳಿಗೆ ಬೇರೆ ಪ್ರಾರ್ಥನೆ. ಬಾಣಂತನ, ಸೂತಕ ಅಂತ ನಾವು ಲೆಕ್ಕ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಮಗು ಉಳಿಯುವುದಿಲ್ಲ ಅನಿಸಿದರೆ ಸೂಲಗಿತ್ತಿಯೇ ಮನೆಯಲ್ಲಿ ದೀಕ್ಷೆ ಕೊಡಬಹುದಿತ್ತು. ಲ್ಯಾಟಿನ್ ಬರಬೇಕಿರಲಿಲ್ಲ, ತನ್ನ ಮಾತಿನಲ್ಲೇ ಹೇಳಿದರೂ ಸಾಕು. ಆ ಒಂದು ವಾಕ್ಯವನ್ನು ಊರಿನವರಿಗೆ ಕಲಿಸುವುದು ಪಾದ್ರಿಯ ಕೆಲಸವಾಗಿತ್ತು. ಮಕ್ಕಳು ಅಷ್ಟು ಸಾಯುತ್ತಿದ್ದ ಕಾಲ. ಸಿಂಹ, ಈಟಿ, ಪಾತಾಳ ಎಲ್ಲ ಆ ತಾಯಂದಿರಿಗೆ ಬರೀ ಅಲಂಕಾರ ಆಗಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಮಳೆಗಾಲ:
ಮಧ್ಯೆ ಬಂದೆ, ಕ್ಷಮಿಸಿ. ಬೇರೆ ಒಂದು ಹಳ್ಳಿ ಚರ್ಚಿನಲ್ಲಿ ಇಂಥದೇ ತೊಟ್ಟಿ ನೋಡಿದೆ. ಕೆತ್ತನೆ ಏನೂ ಇರಲಿಲ್ಲ. ಬಾಯಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಕಲ್ಲು ಕಿತ್ತುಹೋಗಿದೆ, ತುಕ್ಕಿನ ಕಲೆಯೂ ಇದೆ. ಯಾರಾದರೂ ಒಡೆದಿದ್ದಾ?

ಬ್ರಿಸ್ಟಲ್ ಬಸ್ಸು:
ಅದು ಬೀಗದ ಗುರುತು! ನನಗೆ ಈ ತೊಟ್ಟಿಗಳಲ್ಲಿ ತುಂಬಾ ಇಷ್ಟವಾಗುವುದು ಅದೇ.

ನೀರನ್ನು ಪ್ರತಿ ಮಗುವಿಗೂ ಹೊಸದಾಗಿ ಮಂತ್ರಿಸುತ್ತಿರಲಿಲ್ಲ. ಈಸ್ಟರ್ ಹಿಂದಿನ ರಾತ್ರಿ, ಅದಾಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದ ಹಿಂದಿನ ದಿನ ದೊಡ್ಡ ಪ್ರಾರ್ಥನೆ ಮಾಡಿ ನೀರು ಪವಿತ್ರ ಮಾಡುತ್ತಿದ್ದರು. ಆ ನೀರು ತೊಟ್ಟಿಯಲ್ಲೇ ಇರುತ್ತಿತ್ತು. ಅದನ್ನು ಜನ ಕದಿಯುತ್ತಿದ್ದರು. ಮಾಟಕ್ಕೆ, ಮದ್ದಿಗೆ. ಹಾಗಾಗಿ ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಹಾಕಬೇಕು ಅಂತ 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಆಜ್ಞೆ ಮಾಡಿದರು. ಅಂಚಿನಲ್ಲಿ ತೂತು ಕೊರೆದು ಕಬ್ಬಿಣದ ಕೊಂಡಿ ಕೂರಿಸಿ, ಸೀಸ ಹುಯ್ದು, ಮುಚ್ಚಳದ ಮೇಲೆ ಅಡ್ಡ ಸರಳು ಹಾಕಿ ಬೀಗ. ಮುಂದೆ ಆ ಕೊಂಡಿಗಳನ್ನು ಕಿತ್ತಾಗ ಕಲ್ಲೂ ಎದ್ದು ಬಂತು. ನೀವು ನೋಡಿದ್ದು ಆ ಗಾಯ. ಎಷ್ಟೋ ಕಡೆ ಸಿಮೆಂಟಿನಲ್ಲೋ ಬೇರೆ ಕಲ್ಲಿನಲ್ಲೋ ತೇಪೆ ಹಾಕಿರುತ್ತಾರೆ.

ಒಳಗೆ ಬಗ್ಗಿ ನೋಡಿ. ಸೀಸದ ಹಾಳೆ ಹೊದಿಸಿರುತ್ತಾರೆ, ಕಲ್ಲು ನೀರು ಕುಡಿಯಬಾರದು ಅಂತ. ತಳದಲ್ಲಿ ಒಂದು ತೂತು. ಮಂತ್ರಿಸಿದ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ. ಅದು ತೊಟ್ಟಿ ನಿಂತ ಕಂಬದ ಒಳಗಿಂದ ನೇರ ಕೆಳಗಿನ ಮಣ್ಣಿಗೆ ಇಳಿಯಬೇಕು.

ಮುಚ್ಚಳಗಳು ಆಮೇಲೆ ಆಡಂಬರಕ್ಕೆ ತಿರುಗಿದವು. ಸಫೊಕ್‌ನ ಅಫರ್ಡ್‌ನಲ್ಲಿ ಸುಮಾರು 18 ಅಡಿ ಎತ್ತರದ ಮರದ ಮುಚ್ಚಳ ಇದೆ, ಗೋಪುರದ ಮೇಲೆ ಗೋಪುರ. ತುದಿಯಲ್ಲಿ ಪೆಲಿಕನ್ ಹಕ್ಕಿ. 1644ರಲ್ಲಿ ಚರ್ಚುಗಳ ವಿಗ್ರಹ ಒಡೆಸಿಕೊಂಡು ಊರೂರು ತಿರುಗುತ್ತಿದ್ದ ವಿಲಿಯಂ ಡೌಸಿಂಗ್ ಕೂಡ ಅದನ್ನು ನೋಡಿ ತನ್ನ ದಿನಚರಿಯಲ್ಲಿ ವೈಭವದ ಮುಚ್ಚಳ ಅಂತ ಬರೆದುಕೊಂಡ. ಒಡೆಯಲಿಲ್ಲ.

ಅಡಿಕೆತೋಟ:
ಪವಿತ್ರ ನೀರಿಗೇ ಬೀಗ. ನಮ್ಮ ಜನ ಮಾತ್ರ ಹಾಗೆ ಅಂದುಕೊಂಡಿದ್ದೆ.

ಅದಿರಲಿ. ಅಷ್ಟು ಮೂಲೆಯ ಹಳ್ಳಿಗೆ ಅಷ್ಟು ಒಳ್ಳೆ ಕೆತ್ತನೆ ಎಲ್ಲಿಂದ ಬಂತು? ದೊಡ್ಡ ಪಟ್ಟಣ ಇಲ್ಲ, ರಾಜಧಾನಿ ಇಲ್ಲ.

ಶಿಲೆಕಲ್ಲು:
ಇದು ಒಳ್ಳೆ ಪ್ರಶ್ನೆ. ಆ ಸುತ್ತಮುತ್ತ ಒಂದೇ ಕೈಚಳಕದ ಕೆಲಸ ಹಲವು ಕಡೆ ಸಿಗುತ್ತದೆ. ಹೆರೆಫರ್ಡ್‌ಶೈರ್ ಶೈಲಿ ಅಂತಲೇ ಕರೆಯುತ್ತಾರೆ. ಕಿಲ್ಪೆಕ್‌ನ ಪುಟ್ಟ ಚರ್ಚು ಅದರಲ್ಲಿ ಎಲ್ಲರಿಗೂ ಗೊತ್ತಿರುವುದು. ಕೆಂಪು ಮರಳುಗಲ್ಲು, ಸೂರಿನ ಕೆಳಗೆ ಸಾಲಾಗಿ 85 ಸಣ್ಣ ಕೆತ್ತನೆಗಳು, ನಾಯಿ ಮೊಲ ಅಕ್ಕಪಕ್ಕ. ಬ್ರಿನ್ಸಪ್‌ನಲ್ಲಿ ಸೇಂಟ್ ಜಾರ್ಜ್, ಸ್ಟ್ರೆಟನ್ ಶುಗಾಸ್‌ನಲ್ಲಿ ಸಿಂಹದ ಬಾಯಿ ಸೀಳುವ ಬೈಬಲಿನ ಬಲಶಾಲಿ ಸಂಸೋನ.

ಶುರುವಾದದ್ದು ಶೋಬ್ಡನ್‌ನಲ್ಲಿ ಅಂತ ಹಲವರ ಅಭಿಪ್ರಾಯ. ಆಲಿವರ್ ಡಿ ಮೆರ್ಲಿಮಂಡ್ ಅನ್ನುವವನು ಅಲ್ಲಿ ಚರ್ಚು ಕಟ್ಟಿಸಿದ. ವಿಗ್‌ಮೋರ್‌ನ ಹ್ಯೂ ಡಿ ಮಾರ್ಟಿಮರ್ ಹತ್ತಿರ ಪಾರುಪತ್ಯಗಾರನಾಗಿದ್ದವನು. ಅವನು ಸ್ಪೇನಿನ ಸಾಂತಿಯಾಗೋಗೆ ಯಾತ್ರೆ ಹೋಗಿ ಬಂದ. ದಾರಿಯುದ್ದಕ್ಕೂ ಪಶ್ಚಿಮ ಫ್ರಾನ್ಸಿನಲ್ಲಿ ಹೊಸ ಹೊಸ ಚರ್ಚುಗಳು ಏಳುತ್ತಿದ್ದ ಕಾಲ. ಅಲ್ಲಿ ಕಂಡದ್ದು ಇಲ್ಲಿಯ ಕಲ್ಲಿಗೆ ಬಂತು. ಜೊತೆಗೆ ವೈಕಿಂಗರ ಕಾಲದಿಂದ ಬಂದ ಹೆಣೆದ ಬಳ್ಳಿ, ಬಾಲ ಕಚ್ಚುವ ಹಾವು. ಎರಡೂ ಸೇರಿ ಈ ರುಚಿ ಹುಟ್ಟಿತು. ಮೂಲೆಯ ಹಳ್ಳಿ ನಿಜ, ಆದರೆ ಅಲ್ಲಿಯ ದೊರೆಗಳು ಮೂಲೆಯಲ್ಲಿ ಕೂತವರಲ್ಲ.

ಶೋಬ್ಡನ್ ಗತಿ ಹೇಳಿದರೆ ಬೇಜಾರಾಗುತ್ತದೆ. 1750ರ ದಶಕದಲ್ಲಿ ಆ ಹಳೆ ಚರ್ಚನ್ನು ಕೆಡವಿ ಹೊಸದು ಕಟ್ಟಿದರು. ಕೆತ್ತನೆಯ ಕಮಾನುಗಳನ್ನು ಎತ್ತಿಕೊಂಡು ಹೋಗಿ ಗುಡ್ಡದ ಮೇಲೆ ಅಂದಕ್ಕೆ ನಿಲ್ಲಿಸಿದರು. ಆಮೇಲೆ ಇಷ್ಟು ವರ್ಷ ಮಳೆ, ಹಿಮ. ಇವತ್ತು ಹೋದರೆ ಮನುಷ್ಯನ ಆಕಾರವನ್ನು ಊಹೆ ಮಾಡಿಕೊಳ್ಳಬೇಕು. 1852ರಲ್ಲಿ ಜಿ. ಆರ್. ಲೂಯಿಸ್ ಬರೆದು ಅಚ್ಚು ಹಾಕಿಸಿದ ಚಿತ್ರಗಳು ಇಲ್ಲದಿದ್ದರೆ ಅಲ್ಲೇನಿತ್ತು ಅಂತಲೇ ತಿಳಿಯುತ್ತಿರಲಿಲ್ಲ. ಅರ್ಡಿಸ್ಲಿಯ ಕಲ್ಲು ಅದೇ ಬಳಗದ್ದು. ಒಳಗೆ ಇದ್ದುದರಿಂದ ಯೋಧನ ಷರಾಯಿಯ ಗೀರುಗಳೂ ಉಳಿದಿವೆ.

ಹೊಳೆಸಾಲು:
ಕ್ಯಾಸಲ್ ಫ್ರೋಮ್‌ನ ತೊಟ್ಟಿಯೂ ಇದೇ ಶೈಲಿ ಅಲ್ವಾ? ಚಿತ್ರದಲ್ಲಿ ಮಾತ್ರ ನೋಡಿದ್ದೇನೆ.

ಬ್ರಿಸ್ಟಲ್ ಬಸ್ಸು:
ಅದೇ. ಲೆಡ್‌ಬರಿಗೂ ಬ್ರೊಮ್‌ಯಾರ್ಡ್‌ಗೂ ನಡುವೆ, ಸೇಂಟ್ ಮೈಕೆಲ್ ಚರ್ಚು. ನನ್ನನ್ನು ಕೇಳಿದರೆ ಅರ್ಡಿಸ್ಲಿಗಿಂತ ಅದೇ ಒಂದು ಕೈ ಮೇಲು. ಯೇಸುವಿಗೆ ಯೋಹಾನ ದೀಕ್ಷಾಸ್ನಾನ ಕೊಡುವ ಚಿತ್ರ. ನೀರನ್ನು ಹೇಗೆ ತೋರಿಸಿದ್ದಾನೆ ಗೊತ್ತಾ? ಸುತ್ತು ಸುತ್ತಾಗಿ ಅಲೆ, ಒಳಗೆ ಮೀನು. ಯೇಸು ಅದರ ನಡುವೆ ನಿಂತಿದ್ದಾನೆ. ಮೇಲಿಂದ ದೇವರ ಕೈ, ಪಾರಿವಾಳ. ಸುತ್ತಲೂ ನಾಲ್ಕು ಸುವಾರ್ತೆಗಳ ಗುರುತುಗಳು: ದೇವದೂತ, ಸಿಂಹ, ಎತ್ತು, ಹದ್ದು. ಇಷ್ಟೂ ಭಾರವನ್ನು ಕೆಳಗೆ ಮುದುಡಿ ಬಿದ್ದ ಮನುಷ್ಯರು ಬೆನ್ನಿನ ಮೇಲೆ ಹೊತ್ತಿದ್ದಾರೆ. ಅವರು ಯಾರು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸೋತ ಪಾಪಗಳು ಅನ್ನುವುದು ನನಗೆ ಒಪ್ಪುತ್ತದೆ.

ನುಗ್ಗೇಹಳ್ಳಿ:
ನಮ್ಮ ಬೇಲೂರು ಗುಡಿ 1117ರದ್ದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪದ ಕೆಳಗೆ ಹೆಸರು ಕೆತ್ತಿದ್ದಾರೆ. ಮುಂದೆ ಮಲ್ಲಿತಮ್ಮ ಎಷ್ಟೊಂದು ಕಡೆ ಕೆತ್ತಿದ್ದಾನೆ. ಇಂಗ್ಲೆಂಡಿನಲ್ಲೂ ಅದೇ ಶತಮಾನ. ಅಲ್ಲಿ ಯಾರೂ ಹೆಸರು ಹಾಕಿಲ್ಲವಾ?

ಶಿಲೆಕಲ್ಲು:
ಅರ್ಡಿಸ್ಲಿಯಲ್ಲಿ ಇಲ್ಲ. ಅಲ್ಲಿನ ಚರ್ಚುಗಳಲ್ಲಿ ಹೆಸರು ಸಿಗುವುದು ಅಪರೂಪ. ಅದಕ್ಕೇ ವಿದ್ವಾಂಸರು ಗಲ್ಲ, ಕಣ್ಣು, ಬಟ್ಟೆಯ ಮಡಿಕೆ ನೋಡಿ ಇದು ಇವನ ಕೈ, ಅದು ಅವನ ಕೈ ಅಂತ ವಿಂಗಡಿಸುತ್ತಾರೆ.

ಆದರೆ ಹೆಸರು ಇರುವ ಒಂದು ತೊಟ್ಟಿ ಇದೆ, ಅದೂ ಮಜವಾದದ್ದು. ಕಂಬ್ರಿಯಾದ ಕಾಕರ್‌ಮೌತ್ ಪಕ್ಕ ಬ್ರೈಡ್‌ಕರ್ಕ್ ಅಂತ ಊರು. ಅಲ್ಲಿನ ಸೇಂಟ್ ಬ್ರೈಡ್ ಚರ್ಚಿನ ತೊಟ್ಟಿಯೂ 12ನೇ ಶತಮಾನದ್ದು. ಅದರ ಮೇಲೆ ಒಂದು ಪಟ್ಟಿಯಲ್ಲಿ ರೂನ್ ಲಿಪಿಯಲ್ಲಿ ಬರೆದಿದೆ. ವೈಕಿಂಗರ ಲಿಪಿ, ಆದರೆ ಭಾಷೆ ಆಗಿನ ಇಂಗ್ಲಿಷ್. ರಿಕಾರ್ಥ್ ನನ್ನನ್ನು ಮಾಡಿದ, ಆಸೆಯಿಂದ ಈ ಚೆಲುವಿಗೆ ತಂದ ಅಂತ ಅದರ ಭಾವ. ಪ್ರಾಸ ಬೇರೆ ಇದೆ. ತೊಟ್ಟಿಯೇ ಮಾತಾಡುತ್ತಿದೆ ನೋಡಿ. ಆ ಪಟ್ಟಿಯ ಕೆಳಗೆ ಸುತ್ತಿಗೆ, ಉಳಿ ಹಿಡಿದು ಬಳ್ಳಿ ಕೆತ್ತುತ್ತಾ ಕೂತ ಒಬ್ಬ ಮನುಷ್ಯ. ಅವನೇ ರಿಕಾರ್ಥ್ ಇರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಒಂದು ಎಚ್ಚರ. ಬೇಲೂರಿನ ಶಿಲ್ಪಿಗಳಿಗೆ ಬಿರುದುಗಳಿದ್ದವು, ಊರಿನ ಹೆಸರಿತ್ತು, ಒಂದು ವೃತ್ತಿಯ ಹೆಮ್ಮೆ ಇತ್ತು. ರಿಕಾರ್ಥ್ ಬಗ್ಗೆ ಆ ಎರಡು ಸಾಲು ಬಿಟ್ಟರೆ ಮತ್ತೇನೂ ಇಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಬೇಡ.

ನುಗ್ಗೇಹಳ್ಳಿ:
ಒಪ್ಪಿದೆ ಸರ್. ಆದರೂ ಸುತ್ತಿಗೆ ಹಿಡಿದು ತನ್ನನ್ನೇ ಕೆತ್ತಿಕೊಂಡನಲ್ಲ, ಅವನ ಧೈರ್ಯ ಮೆಚ್ಚಬೇಕು.

ಮಳೆಗಾಲ:
ಬ್ರಿಸ್ಟಲ್ ಬಸ್ಸು ಅವರು ಡೌಸಿಂಗ್ ಅಂತ ಹೇಳಿದಿರಿ. ಅಷ್ಟು ಒಡೆದಿದ್ದರೆ ಇವೆಲ್ಲ ಹೇಗೆ ಉಳಿದವು?

ಬ್ರಿಸ್ಟಲ್ ಬಸ್ಸು:
ಎಲ್ಲ ಉಳಿಯಲಿಲ್ಲ. ನಾರ್ಫೊಕ್, ಸಫೊಕ್ ಕಡೆ 15ನೇ ಶತಮಾನದ ಎಂಟು ಮೂಲೆಯ ತೊಟ್ಟಿಗಳಿವೆ. ಏಳು ಮುಖಗಳಲ್ಲಿ ದೀಕ್ಷಾಸ್ನಾನ, ಮದುವೆ ಮೊದಲಾದ ಕ್ಯಾಥೊಲಿಕರ ಏಳು ಸಂಸ್ಕಾರಗಳು, ಎಂಟನೆಯದರಲ್ಲಿ ಬೇರೆ ಚಿತ್ರ. ಪ್ರೊಟೆಸ್ಟೆಂಟರಿಗೆ ಅದು ಸರಿಬರಲಿಲ್ಲ. ಹಲವು ಕಡೆ ಮುಖಗಳನ್ನು ಉಳಿಯಿಂದ ಸವರಿಬಿಟ್ಟಿದ್ದಾರೆ. ಕೆಲವು ಕಡೆ ಊರಿನವರೇ ಗಾರೆ ಬಳಿದು ಮುಚ್ಚಿದ್ದು ಮುಂದೆ ಗಾರೆ ಕೆರೆದಾಗ ಹೊರಗೆ ಬಂತು. ಆ ಗಾರೆ ಕಲ್ಲನ್ನು ಕಾಪಾಡಿತು.

1645ರಲ್ಲಿ, ರಾಜನ ವಿರುದ್ಧ ಯುದ್ಧಕ್ಕೆ ನಿಂತಿದ್ದ ಪಾರ್ಲಿಮೆಂಟು ಹೊಸ ಆರಾಧನಾ ಕ್ರಮ ತಂದಿತು. ಹಳೆ ತೊಟ್ಟಿ ಇದ್ದ ಜಾಗದಲ್ಲಿ ದೀಕ್ಷಾಸ್ನಾನ ಕೂಡದು ಅಂತ ಅದರಲ್ಲಿತ್ತು. ಸಭೆಯ ಎದುರು ಒಂದು ಬೋಗುಣಿ ಸಾಕು. ಆಗ ಎಷ್ಟೋ ತೊಟ್ಟಿಗಳು ಅಂಗಳಕ್ಕೆ ಬಿದ್ದವು. 1660ರಲ್ಲಿ ರಾಜ ವಾಪಸ್ ಬಂದ ಮೇಲೆ ಕೆಲವನ್ನು ಎತ್ತಿ ತಂದರು, ಕೆಲವು ಕಡೆ ಹೊಸದು ಮಾಡಿಸಿದರು. ಇನ್ನು ಕೆಲವು ಹೊಲದ ಮನೆಗಳಲ್ಲಿ ದನ ನೀರು ಕುಡಿಯುವ ತೊಟ್ಟಿಗಳಾಗಿ ಉಳಿದುಬಿಟ್ಟವು. ಗ್ಲಾಸ್ಟರ್‌ಶೈರ್‌ನ ಡೀರ್‌ಹರ್ಸ್ಟ್ ತೊಟ್ಟಿ ಸ್ಯಾಕ್ಸನ್ ಕಾಲದ್ದು, ಅಂದರೆ ನಾರ್ಮನ್ನರು ಬರುವುದಕ್ಕೂ ಮೊದಲಿನದು, ಮೈತುಂಬ ಸುರುಳಿ ಕೆತ್ತನೆ. ಅದರ ಬೋಗುಣಿ ಒಂದು ಹೊಲದ ಮನೆಯಲ್ಲಿ ಸಿಕ್ಕಿತು. ಕಂಬ ಬೇರೆ ಕಡೆ. 19ನೇ ಶತಮಾನದಲ್ಲಿ ಎರಡನ್ನೂ ಕೂಡಿಸಿದರು.

ತಿರುಗಾಮುರುಗಾ ಆದದ್ದೂ ಇದೆ. ಶ್ರಾಪ್‌ಶೈರ್‌ನ ರಾಕ್ಸಿಟರ್‌ನಲ್ಲಿ ರೋಮನ್ ಕಂಬದ ಬುಡವನ್ನೇ ಕೊರೆದು ತೊಟ್ಟಿ ಮಾಡಿದ್ದಾರೆ. ಡಾರ್ಸೆಟ್‌ನ ಮೆಲ್ಬರಿ ಬಬ್‌ನಲ್ಲಿ ಇನ್ನೂ ವಿಚಿತ್ರ. ಸುತ್ತ ಕೆತ್ತಿದ ಪ್ರಾಣಿಗಳೆಲ್ಲ ತಲೆಕೆಳಗು! ಯಾಕೆಂದರೆ ಅದು ಮೊದಲು ಸ್ಯಾಕ್ಸನ್ ಕಾಲದ ಕಂಬದ ತುಂಡು. ಯಾರೋ ಬುಡಮೇಲು ಮಾಡಿ ಒಳಗೆ ಕೊರೆದುಬಿಟ್ಟರು.

ಕುಡ್ಲದವಳು:
ದನ ನೀರು ಕುಡಿಯುವ ತೊಟ್ಟಿಯಾಗಿದ್ದನ್ನು ಮತ್ತೆ ಚರ್ಚಿಗೆ ತಂದು ಮಕ್ಕಳಿಗೆ ಬಳಸುವುದು ಕೆಲವರಿಗೆ ಸರಿ ಕಾಣಲಿಕ್ಕಿಲ್ಲ. ನನಗೆ ಏನೂ ತಪ್ಪು ಕಾಣುವುದಿಲ್ಲ. ಮ್ಯೂಸಿಯಂನಲ್ಲಿ ಹಗ್ಗ ಕಟ್ಟಿ ಇಡುವುದಕ್ಕಿಂತ ಒಳ್ಳೆಯದು. ಅರ್ಡಿಸ್ಲಿಯದು ಇನ್ನೂ ಊರಿನ ಚರ್ಚಿನಲ್ಲೇ ಇದೆ ಅನ್ನುವುದೇ ದೊಡ್ಡದು.

ಸಿಂಹದ ಬಗ್ಗೆ ಯಾರೂ ಹೇಳಲಿಲ್ಲ. ಅದು ಸೈತಾನನಾ? ಪೇತ್ರನ ಮೊದಲ ಪತ್ರದಲ್ಲಿ ಗರ್ಜಿಸುವ ಸಿಂಹದ ಹಾಗೆ ಯಾರನ್ನು ನುಂಗಲಿ ಅಂತ ತಿರುಗುತ್ತಾನೆ ಅಂತ ಇದೆಯಲ್ಲ.

ಶಿಲೆಕಲ್ಲು:
ಹಾಗೂ ಓದಬಹುದು. ಉಲ್ಟಾವೂ ಓದಬಹುದು, ಅದೇ ತೊಂದರೆ. ಆ ಕಾಲದ ಪ್ರಾಣಿಕಥೆಗಳಲ್ಲಿ ಸಿಂಹದ ಮರಿ ಸತ್ತೇ ಹುಟ್ಟುತ್ತದೆ. ಮೂರನೇ ದಿನ ತಂದೆ ಸಿಂಹ ಬಂದು ಉಸಿರು ಊದಿದರೆ ಜೀವ ಬರುತ್ತದೆ. ಇದನ್ನು ಯೇಸುವಿನ ಪುನರುತ್ಥಾನಕ್ಕೆ ಹೋಲಿಸುತ್ತಿದ್ದರು. ಯೆಹೂದ ಕುಲದ ಸಿಂಹ ಅನ್ನುವ ಮಾತೂ ಬೈಬಲಿನಲ್ಲಿದೆ. ಹಾಗಾಗಿ ಒಂದೇ ಪ್ರಾಣಿ, ಎರಡು ಕಡೆ ಸಾಕ್ಷಿ ಹೇಳುತ್ತದೆ. ಅರ್ಡಿಸ್ಲಿಯ ಸಿಂಹ ನೋಡಲು ಭಯಂಕರವಾಗಿದೆ, ಸುತ್ತ ಅದೇ ಬಳ್ಳಿಯ ಗೋಜಲು. ನಾನು ಕೆಡುಕಿನ ಕಡೆ ಹಾಕುತ್ತೇನೆ. ಬೇರೆಯವರು ಒಪ್ಪದಿದ್ದರೆ ಜಗಳಕ್ಕೆ ಬರುವುದಿಲ್ಲ.

ಅಡಿಕೆತೋಟ:
ಸೈತಾನ, ಸಿಂಹ, ಪಾತಾಳ. ರೈತರಿಗೆ ಅಂತ ಏನೂ ಕೆತ್ತಲಿಲ್ಲವಾ?

ಬ್ರಿಸ್ಟಲ್ ಬಸ್ಸು:
ನಿಮಗೆಂದೇ ಒಂದಿದೆ. ನಾರ್ಫೊಕ್‌ನ ಬರ್ನಮ್ ಡೀಪ್‌ಡೇಲ್. ಚೌಕಾಕಾರದ ತೊಟ್ಟಿ, ಅದೂ ನಾರ್ಮನ್ ಕಾಲದ್ದು. ಮೂರು ಮುಖಗಳಲ್ಲಿ 12 ತಿಂಗಳ ಕೆಲಸ, ಒಂದೊಂದು ಮುಖಕ್ಕೆ ನಾಲ್ಕು. ಜನವರಿಯಲ್ಲಿ ಕೊಂಬಿನಿಂದ ಕುಡಿಯುವವನು. ಫೆಬ್ರವರಿಯಲ್ಲಿ ಕಾಲು ಬೆಚ್ಚಗೆ ಮಾಡಿಕೊಳ್ಳುವವನು. ಮಾರ್ಚ್‌ನಲ್ಲಿ ಅಗೆತ. ಜೂನ್‌ನಲ್ಲಿ ಕಳೆ, ಜುಲೈನಲ್ಲಿ ಹುಲ್ಲು ಕೊಯ್ಲು, ಆಗಸ್ಟ್‌ನಲ್ಲಿ ಹೊರೆ ಕಟ್ಟುವುದು, ಸೆಪ್ಟೆಂಬರ್‌ನಲ್ಲಿ ತೆನೆ ಬಡಿಯುವುದು. ನವೆಂಬರ್‌ನಲ್ಲಿ ಹಂದಿ ಕಡಿಯುತ್ತಾರೆ, ಡಿಸೆಂಬರ್‌ನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾರೆ. ಕೆಂಟ್‌ನ ಬ್ರೂಕ್‌ಲ್ಯಾಂಡ್‌ನಲ್ಲಿ ಇದೇ ತರ, ಆದರೆ ಪೂರ್ತಿ ಸೀಸದ್ದು. ಮೇಲೆ ರಾಶಿಗಳು, ಕೆಳಗೆ ತಿಂಗಳುಗಳು.

ಅಡಿಕೆತೋಟ:
ಇದು ಸರಿ. ಫೆಬ್ರವರಿಯವನು ನಮ್ಮವನೇ.

ಹೊಳೆಸಾಲು:
ಎಲ್ಲರಿಗೂ ಧನ್ಯವಾದ. ಮುಂದಿನ ತಿಂಗಳು ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅರ್ಡಿಸ್ಲಿ, ಕಿಲ್ಪೆಕ್ ಎರಡೂ ತೋರಿಸಬೇಕು ಅಂತಿದೆ. ಯಾವುದು ಮೊದಲು? ಫೋಟೋ ತೆಗೆಯಲು ಏನಾದರೂ ಉಪಾಯ?

ಬ್ರಿಸ್ಟಲ್ ಬಸ್ಸು:
ಫ್ಲ್ಯಾಶ್ ಬೇಡ, ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಒಂದು ಸಣ್ಣ ಟಾರ್ಚ್ ತಗೊಂಡು ಹೋಗಿ. ಪಕ್ಕದಿಂದ, ಕಲ್ಲಿಗೆ ಒರಗಿದ ಹಾಗೆ ಬೆಳಕು ಬಿಡಿ. ಉಳಿಯ ಗೆರೆಗಳು ಎದ್ದು ಬರುತ್ತವೆ. ಬ್ಯಾಗು, ಛತ್ರಿ ಅಂಚಿನ ಮೇಲೆ ಇಡಬೇಡಿ. ಭಾನುವಾರ ಬೆಳಿಗ್ಗೆ ಆರಾಧನೆ ಇರಬಹುದು, ಮೊದಲೇ ವಿಚಾರಿಸಿ. ಅಮ್ಮನಿಗೆ ದಪ್ಪ ಸ್ವೆಟರ್ ಹಾಕಿಸಿ. ಆ ಚರ್ಚುಗಳ ಒಳಗೆ ಹೊರಗಿಗಿಂತ ಜಾಸ್ತಿ ಚಳಿ.

ಶಿಲೆಕಲ್ಲು:
ಕಿಲ್ಪೆಕ್ ಮೊದಲು. ಅಲ್ಲಿನ ದಕ್ಷಿಣ ಬಾಗಿಲಿನ ಎಡಗಂಬ ನೋಡಿ. ಬಳ್ಳಿಗಳ ನಡುವೆ ಇಬ್ಬರು ಯೋಧರು ಇದ್ದಾರೆ. ಚೂಪು ಟೋಪಿ, ಗೀರು ಗೀರಿನ ಷರಾಯಿ. ಒಬ್ಬರಿಗೊಬ್ಬರು ಹೊಡೆಯುತ್ತಿಲ್ಲ, ಬಳ್ಳಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಅದನ್ನು ಕಣ್ಣಲ್ಲಿ ಇಟ್ಟುಕೊಂಡು ಅರ್ಡಿಸ್ಲಿಗೆ ಹೋಗಿ. ಅದೇ ಷರಾಯಿ, ಅದೇ ಬಳ್ಳಿ. ಕಿಲ್ಪೆಕ್ ಬಾಸ್ಕರ್‌ವಿಲ್ ಮನೆತನದ್ದಲ್ಲ, ಅಲ್ಲಿಯ ಯಜಮಾನ ಹ್ಯೂ ಅನ್ನುವವನು. ಅಂದರೆ ಆ ಯೋಧರು ರಾಲ್ಫನ ಮನೆಯವರಲ್ಲ, ಕಲ್ಲುಕುಟಿಗರ ಹತ್ತಿರ ಮೊದಲೇ ಇದ್ದ ಮಾದರಿ. ಅರ್ಡಿಸ್ಲಿಯಲ್ಲಿ ಅವರನ್ನು ಈಟಿ, ಕತ್ತಿ ಹಿಡಿಸಿ ಎದುರುಬದುರು ಕಾದಾಟಕ್ಕೆ ನಿಲ್ಲಿಸಿದರು.

ಅಡಿಕೆತೋಟ:
ಹಾಗಾದರೆ ಈಟಿ, ಕತ್ತಿ ಕೊಡಿ ಅಂತ ಹೇಳಿದ್ದು ಯಾರು ಸರ್? ದುಡ್ಡು ಕೊಟ್ಟ ಗೌಡರೇ ಇರಬೇಕು!

ಶಿಲೆಕಲ್ಲು:
ಅಥವಾ ಪಾದ್ರಿ. ನೀವು ಬಿಡುವವರಲ್ಲ, ಗೊತ್ತು. ಹೊಳೆಸಾಲು ಅವರೇ, ಬಳ್ಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ತೊಟ್ಟಿಯ ಸುತ್ತ ಒಂದು ವಿಡಿಯೋ ಮಾಡಿ ಹಾಕಿ. ಒಂದೊಂದು ಫೋಟೋ ಇಟ್ಟುಕೊಂಡು ವಾದ ಮಾಡಿದರೆ ಇದು ಮುಗಿಯುವುದಿಲ್ಲ.